ಹಟ್ಟಿ ಹೊತ್ತ ಗಿಡ್ಡ ಕುದುರೆ

ಕಿತ್ತೂರು, ಬೆಳಗಾವಿ, ಹುಬ್ಬಳ್ಳಿ ಎಲ್ಲಿ ಹೋದರೂ ಸರ್ಕಲ್ಲಿನಲ್ಲಿ ಚನ್ನಮ್ಮ ಕುದುರೆ ಏರಿ ನಿಂತಿದ್ದಾಳೆ. ಎತ್ತರದ, ಮೈತುಂಬಿದ, ಕತ್ತು ಕೊಂಕಿಸಿದ ಕುದುರೆ. ಇದೇ ಸೀಮೆಯ ಜೀವಂತ ಕುದುರೆಯನ್ನು ನೋಡಬೇಕೆಂದರೆ ಸರ್ಕಲ್ ಬಿಟ್ಟು ಎರೆಹೊಲಕ್ಕೆ ಇಳಿಯಬೇಕು. ಬಿಳಿಜೋಳದ ರಾಶಿ ಮುಗಿದ ಮೇಲೆ ಬೈಲಹೊಂಗಲದಿಂದ ಸವದತ್ತಿ ಕಡೆಗೆ, ಅಲ್ಲಿಂದ ರಾಮದುರ್ಗದ ಕಡೆಗೆ ಹೋಗುವ ದಾರಿಯ ಆಜುಬಾಜು ಕುರಿಹಿಂಡುಗಳು ಬೀಡುಬಿಟ್ಟಿರುತ್ತವೆ. ಹಿಂಡಿನ ಅಂಚಿನಲ್ಲಿ ಕೂಳೆ ಮೇಯುತ್ತ ನಿಂತದ್ದು ಗಿಡ್ಡ ಕುದುರೆ. ಕೆದರಿದ ಕೇಸರ, ಕಂದಿದ ಮೈಬಣ್ಣ, ಜೋತ ಹೊಟ್ಟೆ. ಇದರ ಮೇಲೆ ಕೂತು ಯಾರೂ ಫೋಟೊ ಹೊಡೆಸಿಕೊಳ್ಳುವುದಿಲ್ಲ. ಕುರುಬರ ಮನೆತನವೊಂದರ ಇಡೀ ಸಂಸಾರ ಊರಿಂದ ಊರಿಗೆ ಸಾಗುವುದು ಮಾತ್ರ ಇದರ ಬೆನ್ನ ಮೇಲೆಯೇ.

ಈ ಭಾಗದಲ್ಲಿ ಕುದುರೆಯನ್ನು ಒಬ್ಬರಾದ ಮೇಲೊಬ್ಬರು ಕೈಬಿಟ್ಟರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯೆದುರು ಸತ್ತಾಗ ಅವನೊಂದಿಗೆ ಬಂದಿದ್ದದ್ದು ಮದ್ರಾಸಿನ, ಕುದುರೆ ಎಳೆಯುವ ತೋಪುಗಳ ಪಡೆ. ಅದರ ಅಧಿಕಾರಿಗಳೂ ಅಲ್ಲೇ ಬಿದ್ದರು. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು, ಸಂಸ್ಥಾನ ಹೋಯಿತು, ಅದರ ಲಾಯವೂ ಹೋಯಿತು. ರಾಮದುರ್ಗ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತದಲ್ಲಿ ಸೇರಿಹೋಯಿತು. ದೇಸಗತಿ ವಾಡೆಗಳ ಬಾಗಿಲಲ್ಲಿ ಜೀಪು ನಿಂತಿತು. ಆಮೇಲೆ ಪೇಟೆಯ ಟಾಂಗಾಗಳ ಸರದಿ, ಅವುಗಳ ಸ್ಟ್ಯಾಂಡಿಗೆ ಆಟೊ ಬಂದವು. ದೇಶದ ಲೆಕ್ಕವೂ ಇದೇ ಕಥೆ ಹೇಳುತ್ತದೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು ಆರೂಕಾಲು ಲಕ್ಷ ಇದ್ದ ಕುದುರೆಗಳು 2019ರ ಗಣತಿಗೆ 3.4 ಲಕ್ಷಕ್ಕೆ ಇಳಿದಿದ್ದವು. ಏಳು ವರ್ಷದಲ್ಲಿ ಹತ್ತಿರಹತ್ತಿರ ಅರ್ಧ.

ಕೈಬಿಡದವರು ಕುರಿಗಾಹಿಗಳು. ಸವಾರನಿಗೆ ಬೇಕಾದ ಎತ್ತರ, ಮದುವೆ ಮೆರವಣಿಗೆಗೆ ಬೇಕಾದ ಬಿಳುಪು, ಶರ್ಯತ್ತಿಗೆ ಬೇಕಾದ ಓಟ, ಇದಾವುದನ್ನೂ ಅವರು ಕೇಳುವುದಿಲ್ಲ. ಬೆನ್ನು ಗಟ್ಟಿ ಇರಬೇಕು, ಗೊರಸು ಒಡೆದಿರಬಾರದು, ನಾಯಿ ಬೊಗಳಿದರೆ ಬೆದರಬಾರದು. ಗಿಡ್ಡ ಇದ್ದಷ್ಟೂ ಅವರಿಗೆ ಅನುಕೂಲ, ಹೇರು ಎತ್ತಿ ಇಡುವುದು ಸಲೀಸು.

ಹೇರು ಕಟ್ಟುವುದನ್ನು ಒಮ್ಮೆ ನಿಂತು ನೋಡಬೇಕು. ಕುರಿ ಗಂಡಸರ ಪಾಲಿಗೆ, ಕುದುರೆ ಬಹುಮಟ್ಟಿಗೆ ಹೆಂಗಸರ ಪಾಲಿಗೆ. ಗಂಡಸರು ಹಿಂಡು ಹೊಡೆದುಕೊಂಡು ಹೊಲದ ಮೇಲೆ ಹಾಯ್ದು ಹೋದ ಮೇಲೆ ಬಿಡಾರ ಕೀಳುವ ಕೆಲಸ ಶುರು. ಬೆನ್ನಿಗೆ ಮೊದಲು ಹಳೆಯ ಕೌದಿಯ ಮಡಿಕೆ, ಅದರ ಮೇಲೆ ಕಂಬಳಿ. ಇದು ಸರಿಯಾಗಿ ಕೂಡದಿದ್ದರೆ ಹಗ್ಗ ತಿಕ್ಕಿ ಬೆನ್ನು ಹುಣ್ಣಾಗುತ್ತದೆ, ಹುಣ್ಣಾದ ಕುದುರೆ ವಾರಗಟ್ಟಲೆ ಬರಿಮೈಯಲ್ಲೇ ನಡೆಯಬೇಕು. ಎಡಕ್ಕೆ ಜೋಳದ ಚೀಲವಾದರೆ ಬಲಕ್ಕೆ ಅಷ್ಟೇ ತೂಕದ ಪಾತ್ರೆ-ಪಗಡೆ. ರಾತ್ರಿ ಕುರಿ ಕೂಡುವ ಬಲೆ, ಗೂಟಗಳು, ತಾಡಪಾಲು, ನೀರಿನ ಕೊಡ. ಎಲ್ಲದರ ಮೇಲೆ ಬುಟ್ಟಿಯಲ್ಲಿ ಕೋಳಿ. ನಿನ್ನೆ ಹುಟ್ಟಿದ ಕುರಿಮರಿಗಳಿದ್ದರೆ ಚೀಲದಿಂದ ತಲೆ ಮಾತ್ರ ಹೊರಗೆ. ನಡೆಯಲಾರದ ಕೂಸಿಗೂ ಅಲ್ಲೇ ಒಂದು ಜಾಗ. ಇಷ್ಟು ಹೊರಿಸಿ ಮುಂದಿನ ಬಿಡಾರಕ್ಕೆ ಗಂಡಸರಿಗಿಂತ ಮೊದಲೇ ಮುಟ್ಟಿ ಒಲೆ ಹೂಡುವಷ್ಟು ಚುರುಕು ಆ ಕೈಗಳಿಗಿದೆ. ಇಳಿಸಿದ ಮೇಲೆ ಮುಂಗಾಲೆರಡಕ್ಕೂ ಗಿಡ್ಡ ಹಗ್ಗ ಬಿಗಿದು ಬಿಡುತ್ತಾರೆ. ಮೇಯುತ್ತ ಕುಪ್ಪಳಿಸಬಹುದು, ಓಡಿಹೋಗಲಾಗದು. ಹೊಲದೊಡೆಯನ ಕಡಲೆಗೆ ಬಾಯಿ ಹಾಕಿದರೆ ಬರುವ ತಕರಾರೂ ಅಷ್ಟರ ಮಟ್ಟಿಗೆ ಕಡಿಮೆ.

ಹೊಲದೊಡೆಯನಿಗಾದರೂ ಇವರು ಬೇಕಾದವರೇ. ರಾತ್ರಿ ಕುರಿ ತರುಬಿದರೆ ಹಿಕ್ಕೆ, ಗಂಜಲ ನೇರ ನೆಲಕ್ಕೆ ಬೀಳುತ್ತದೆ. ಅದಕ್ಕೆ ಕಾಳು ಇಲ್ಲವೆ ರೊಕ್ಕ ಕೊಡುತ್ತಾನೆ. ಮಳೆಗಾಲದಲ್ಲಿ ಕಿತ್ತೂರು ಕಡೆಯ ಜಡಿಮಳೆಯಲ್ಲಿ ಕುರಿಯ ಗೊರಸು ಕೊಳೆಯುತ್ತವೆ, ಆಗ ರಾಮದುರ್ಗದ ಒಣನೆಲ ಹಿತ. ಈ ಅಲೆದಾಟದಲ್ಲಿ ಕುದುರೆಗೆ ಬೇರೆ ಖರ್ಚಿಲ್ಲ, ಕುರಿ ಮೇಯ್ದಲ್ಲೇ ಅದೂ ಮೇಯುತ್ತದೆ. ಈಗ ಅನೇಕರು ಬಿಡಾರ ಸಾಗಿಸಲು ಟೆಂಪೊ ಹಿಡಿಯುತ್ತಾರೆ. ತಪ್ಪೇನಿಲ್ಲ, ಸೊಂಟ ಉಳಿಯುತ್ತದೆ. ಆದರೆ ಒಂದು ಅಡ್ಡಮಳೆ ಬಿದ್ದರೆ ಎರೆಮಣ್ಣಿನಲ್ಲಿ ಟೆಂಪೊ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ಅಂಥ ಹೊಲದಿಂದ ಬಿಡಾರ ಹೊರಗೆ ತರುವುದು ಕುದುರೆಯೊಂದೇ. ಅದು ಇನ್ನೂ ಉಳಿದಿರುವುದಕ್ಕೆ ಪ್ರೀತಿಗಿಂತ ಈ ಮಣ್ಣೇ ದೊಡ್ಡ ಕಾರಣ ಎಂದು ನನ್ನ ಎಣಿಕೆ.

ಗಡಿಯಾಚೆ ಮಹಾರಾಷ್ಟ್ರದಲ್ಲಿ ಇಂಥದೇ ಕಥೆಗೆ ಸರಕಾರದ ಮುದ್ರೆ ಬಿದ್ದಿದೆ. ಮರಾಠರ ದಂಡಿನಲ್ಲಿ ಹೆಸರಾಗಿದ್ದ ಭೀಮಥಡಿ ಕುದುರೆ ದಂಡು ಚದುರಿದ ಮೇಲೆ ನಶಿಸಿತೆಂದೇ ಬಹುಕಾಲ ಬರೆಯುತ್ತ ಬಂದಿದ್ದರು. ಅದು ಪುಣೆ, ಸೊಲ್ಲಾಪುರ, ಸಾತಾರಾ ಕಡೆಯ ಧನಗರ ಕುರಿಗಾಹಿಗಳ ಬಳಿ ಹೇರು ಹೊರುತ್ತ ಬದುಕಿತ್ತು. ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೊ ಈಚಿನ ವರ್ಷಗಳಲ್ಲಿ ಅದನ್ನು ದೇಶಿ ತಳಿಯೆಂದು ನೋಂದಾಯಿಸಿದೆ. ನಮ್ಮ ಹಟ್ಟಿಗಳ ಕುದುರೆಗಳನ್ನೂ ಹಾಗೆ ಅಳೆದು ತೂಗಿ ನೋಡುವ ಕೆಲಸ ಆಗಬೇಕು.

ಯಾರಿಗೂ ಬೇಡವಾದ ಕುದುರೆ ಎಲ್ಲಿಗೆ ಹೋಗುತ್ತದೆ? ರೇಸಿನಿಂದ ನಿವೃತ್ತವಾದವು ಸವಾರಿ ಶಾಲೆಗೋ ಮೈಸೂರಿನ ಪೊಲೀಸ್ ಅಶ್ವದಳಕ್ಕೋ ಸೇರುವುದುಂಟು. ಕಿತ್ತೂರಿನಲ್ಲೇ 1969ರಲ್ಲಿ ಶುರುವಾದ ರಾಣಿ ಚನ್ನಮ್ಮ ಬಾಲಕಿಯರ ಸೈನಿಕ ಶಾಲೆಯಲ್ಲಿ ಕುದುರೆ ಸವಾರಿ ಕಲಿಸುತ್ತಾರೆ. ಕೆಲವನ್ನು ದೇವರಿಗೆ ಬಿಡುತ್ತಾರೆ. 2021ರ ಮೇ ತಿಂಗಳಲ್ಲಿ ಪಕ್ಕದ ಗೋಕಾಕ ತಾಲ್ಲೂಕಿನ ಮರಡಿಮಠದಲ್ಲಿ ಅಂಥ ದೇವರ ಕುದುರೆ ತೀರಿಕೊಂಡಾಗ ಲಾಕ್‌ಡೌನ್ ಮರೆತು ನೂರಾರು ಜನ ಮಣ್ಣಿಗೆ ಬಂದರು, ಆಡಳಿತ ಊರನ್ನೇ ಸೀಲ್‌ಡೌನ್ ಮಾಡಿತು. ಉಳಿದವು ಪೇಟೆಯ ಬೀದಿಗೆ ಬೀಳುತ್ತವೆ. ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ತಿಂದು ಹೊಟ್ಟೆಶೂಲೆಯಲ್ಲಿ ಸಾಯುತ್ತವೆ, ಇಲ್ಲವೆ ರಾತ್ರಿ ಲಾರಿಗೆ ಸಿಗುತ್ತವೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ಕಾಯ್ದೆ ಬರೆದಿಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ಕಾಲಕ್ಕೆ ಅದು ದಂಡವೇ ಆಗಿತ್ತೇನೋ!

ಕುರಿ, ಆಡುಗಳನ್ನು ಪಾಲಿಗೆ ಹಾಕುವ ರೂಢಿ ಈ ಸೀಮೆಗೆ ಹೊಸದಲ್ಲ. ಒಡೆತನ ಒಬ್ಬರದು, ಸಾಕುವ ಕೈ ಇನ್ನೊಬ್ಬರದು, ಹುಟ್ಟಿದ ಮರಿ ಇಬ್ಬರಿಗೂ. ಬೇಡವಾದ ಗಿಡ್ಡ ಕುದುರೆಯನ್ನು ಬೀದಿಗೆ ಬಿಡದೆ ಕುರಿಗಾಹಿಗಳ ಹಟ್ಟಿಗೆ ಕೊಡಲೂ ಇದೇ ದಾರಿ ಒಗ್ಗುತ್ತದೆ. ರೇಸಿನ ಎತ್ತರದ ಕುದುರೆಯನ್ನು ಮಾತ್ರ ಹಟ್ಟಿಗೆ ಕೊಡಬಾರದು. ಲಾಯ, ಹುರುಳಿ ಕಂಡು ಬೆಳೆದದ್ದು ಕೂಳೆಯ ಮೇಲೆ ಬದುಕದು. ಕೊಡುವವರು ಹಲ್ಲು ನೋಡಿಸಿ ವಯಸ್ಸು ಖಚಿತ ಮಾಡಿಕೊಳ್ಳಲಿ. ಗಂಡು ಕುದುರೆಯಾದರೆ ಬೀಜ ತೆಗೆಸಿಯೇ ಕೊಡಲಿ, ಇಲ್ಲದಿದ್ದರೆ ಹಟ್ಟಿಯ ಹೆಣ್ಣು ಕುದುರೆಗಳಿಗಾಗಿ ಕಾದಾಟ ತಪ್ಪದು. ಪಶು ಆಸ್ಪತ್ರೆಯ ತಪಾಸಣೆ ಮೊದಲೇ ಆಗಲಿ. ಅಲೆಮಾರಿ ಬಿಡಾರದಲ್ಲಿ ಕುದುರೆಗೆ ಹೊಟ್ಟೆನೋವು ಬಂದರೆ 1962ಕ್ಕೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಸಬಹುದು. ಯಾವ ಊರಿನ ಯಾವ ಹೊಲದಲ್ಲಿ ಬಿಡಾರ ಇದೆಯೆಂದು ಹೇಳಲು ಆ ಹೊಲದೊಡೆಯನ ಹೆಸರು ಗೊತ್ತಿದ್ದರೆ ಸಾಕು.