ಪುನುಗು ಬೆಕ್ಕಿನ ಕಾಫಿ ಕುಡಿಯಬಹುದೇ?

ಪ್ರಶ್ನೆ: ಹಿಕ್ಕೆಯಿಂದ ಆಯ್ದ ಬೀಜದ ಕಾಫಿ ಕುಡಿಯಲು ಯೋಗ್ಯವೇ? (ಓದುಗರು, ದೊಡ್ಡಉಳ್ಳಾರ್ತಿ)

ಉತ್ತರ: ಕೊಡಗಿನ ತೋಟಗಳಲ್ಲಿ ಪುನುಗು ಬೆಕ್ಕು ರಾತ್ರಿ ಹೊತ್ತು ಗಿಡ ಹತ್ತಿ ಚೆನ್ನಾಗಿ ಮಾಗಿದ ಹಣ್ಣನ್ನೇ ಆರಿಸಿ ತಿನ್ನುತ್ತದೆ. ತಿರುಳು ಜೀರ್ಣವಾಗುತ್ತದೆ, ಗಟ್ಟಿ ಸಿಪ್ಪೆಯೊಳಗಿನ ಬೀಜ ಹಾಗೇ ಹೊರಬೀಳುತ್ತದೆ. ಕಡಲೆ ಮಿಠಾಯಿಯಂತೆ ಅಂಟಿಕೊಂಡ ಆ ಹಿಕ್ಕೆಯನ್ನು ಆಯ್ದು, ತೊಳೆದು, ಒಣಗಿಸಿ, ಸಿಪ್ಪೆ ತೆಗೆದು ಹುರಿಯುತ್ತಾರೆ. ಹುರಿಯುವ ಶಾಖ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟುವುದರಿಂದ ರೋಗಾಣು ಉಳಿಯುವುದಿಲ್ಲ; ಉಳಿಯುವ ಹೇಸಿಗೆ ಮನಸ್ಸಿನದು. ಹೊಟ್ಟೆಯ ಕಿಣ್ವಗಳು ಬೀಜದ ಪ್ರೋಟೀನನ್ನು ಅಷ್ಟಿಷ್ಟು ಒಡೆಯುವುದರಿಂದ ಕಹಿ ತುಸು ಕಡಿಮೆ ಎನ್ನುತ್ತಾರೆ. ಬೆಲೆಗೆ ತಕ್ಕ ರುಚಿಯೇನಲ್ಲ. ಚಿಕೋರಿ ಬೆರೆಸಿ ಹಾಲು ಹೊಯ್ದರಂತೂ ವ್ಯತ್ಯಾಸವೇ ತಿಳಿಯದು. ಇಂಡೊನೇಷ್ಯಾದಲ್ಲಿ ಇದೇ ‘ಕೋಪಿ ಲುವಾಕ್’. ಅಲ್ಲಿ ಬೆಕ್ಕುಗಳನ್ನು ಬೋನಿಗೆ ಹಾಕಿ ಹಣ್ಣು ತಿನ್ನಿಸುವುದೂ ಉಂಟು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹಾಗೆ ಹಿಡಿದು ಕೂಡಿಹಾಕುವುದು ಅಪರಾಧ; ಪುನುಗು ಬೆಕ್ಕು ತಾನಾಗಿ ಬಿಟ್ಟುಹೋದದ್ದನ್ನಷ್ಟೇ ಆಯಬೇಕು.