ಫೋಟೋಗೆ ಕೂರುವ ಮುನ್ನ

ನಮ್ಮ ಅಜ್ಜಿ ತೀರಿಕೊಂಡ ದಿನ ಮನೆಯಲ್ಲಿ ಅಳುವಿನ ಜೊತೆಗೆ ಒಂದು ಹುಡುಕಾಟವೂ ನಡೆಯಿತು. ಗೋಡೆಗೆ ಹಾಕಲು ಅವರದೊಂದು ಫೋಟೋ ಬೇಕಿತ್ತು. ಎಂಬತ್ತಾರು ವರ್ಷ ಬಾಳಿದ ಜೀವ, ಆರು ಮಕ್ಕಳನ್ನು ಹೆತ್ತು ಸಾಕಿದವರು, ರಾಯದುರ್ಗದ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಬೀಗದಕೈ ಸೊಂಟದಲ್ಲಿ ಇಟ್ಟುಕೊಂಡವರು. ಅಲ್ಮೇರಾ ತೆಗೆದೆವು, ಟ್ರಂಕು ತೆಗೆದೆವು, ಮದುವೆ ಆಲ್ಬಮ್ಮುಗಳನ್ನೆಲ್ಲ ಹರಡಿದೆವು. ಎಲ್ಲ ಮದುವೆಯಲ್ಲೂ ಅಜ್ಜಿ ಅಡಿಗೆ ಮನೆಯಲ್ಲಿದ್ದರು! ಕೊನೆಗೆ ಸಿಕ್ಕಿದ್ದು ಒಂದೇ. 1993ರ ಡಿಸೆಂಬರಿನಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋದಾಗ ತೆಗೆಸಿದ ಗುಂಪು ಫೋಟೋ. ಹದಿನೇಳು ಜನ, ಹಿಂದಿನ ಸಾಲಿನ ಎಡತುದಿಯಲ್ಲಿ ಅಜ್ಜಿ, ಅರ್ಧ ಮುಖದ ಮೇಲೆ ಸೆರಗು, ಉಳಿದ ಅರ್ಧದ ಮೇಲೆ ಬಿಸಿಲು. ಅದನ್ನೇ ಕತ್ತರಿಸಿ ದೊಡ್ಡದು ಮಾಡಿಸಿದೆವು. ಮುಖಕ್ಕೆ ಹಿಟ್ಟು ಮೆತ್ತಿದ ಹಾಗೆ ಬಂತು. ಈಗಲೂ ಅದೇ ನಡುಮನೆಯಲ್ಲಿದೆ. ಮೊನ್ನೆ ನಮ್ಮ ಮೊಮ್ಮಗ ಅದನ್ನು ತೋರಿಸಿ "ಇವ್ರು ಯಾರು?" ಎಂದು ಕೇಳಿದ.

ಲೆಕ್ಕದ ಪುಸ್ತಕವನ್ನು ಮೂರು ತಲೆಮಾರು ಜೋಪಾನ ಮಾಡುವ ನಾವು ಮುಖಗಳನ್ನು ಜೋಪಾನ ಮಾಡುವುದಿಲ್ಲ. ಇದು ಇಂದಿನ ಕಥೆಯೂ ಅಲ್ಲ. ನಮ್ಮ ಸೀಮೆಯ ಶಾಸನಗಳನ್ನೇ ನೋಡಿ. ಮಡಕಶಿರಾ ಕಡೆಯ ಅಮರಾಪುರದ ಶಾಸನದಲ್ಲಿ 1278ರಲ್ಲಿ ಮಲ್ಲಿಸೆಟ್ಟಿ ಎಂಬ ಶ್ರಾವಕನು ತೈಲಂಗೆರೆಯ ಬಸದಿಯ ಪ್ರಸನ್ನ ಪಾರ್ಶ್ವದೇವರಿಗೆ ತಮ್ಮಡಹಳ್ಳಿಯ 2000 ಅಡಿಕೆ ಮರಗಳನ್ನು ಬಿಟ್ಟುಕೊಟ್ಟ ಸಂಗತಿ ಇದೆ. ನಮ್ಮ ರಾಯದುರ್ಗದಲ್ಲಿ 1355ರಲ್ಲಿ ಭೋಗರಾಜನು ಶಾಂತಿನಾಥ ತೀರ್ಥಂಕರರ ಬಿಂಬವನ್ನು ಪ್ರತಿಷ್ಠೆ ಮಾಡಿಸಿದ. ಅವರ ಹೆಸರು ಗೊತ್ತು, ಗುರುಗಳ ಹೆಸರು ಗೊತ್ತು, ಮರದ ಲೆಕ್ಕವೂ ಗೊತ್ತು. ಮುಖ ಮಾತ್ರ ಗೊತ್ತಿಲ್ಲ. ಆಗ ಕ್ಯಾಮೆರಾ ಇರಲಿಲ್ಲ, ಅವರನ್ನು ದೂರುವಂತಿಲ್ಲ. ನಮಗೆ ಆ ನೆಪವಿಲ್ಲವಲ್ಲ!

ಹೇಳಬೇಕೆಂದರೆ ನಮ್ಮ ದೇಶದಲ್ಲಿ ಫೋಟೋ ಕಲೆಗೆ ದೊಡ್ಡ ಹೆಸರು ತಂದವರೇ ಒಬ್ಬ ಜೈನರು. ಮೀರತ್ ಹತ್ತಿರದ ಸರ್ಧಾನದಲ್ಲಿ 1844ರಲ್ಲಿ ಹುಟ್ಟಿದ ಲಾಲಾ ದೀನದಯಾಳರು ರತ್ನಪಡಿ ವ್ಯಾಪಾರದ ಮನೆತನದವರು. ರೂರ್ಕಿಯಲ್ಲಿ ಇಂಜಿನಿಯರಿಂಗ್ ಓದಿ, ಇಂದೋರಿನಲ್ಲಿ ಸರ್ಕಾರಿ ಕೆಲಸ ಮಾಡುತ್ತಾ ಕ್ಯಾಮೆರಾ ಹಿಡಿದವರು, ಮುಂದೆ ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿ 'ರಾಜಾ' ಎನಿಸಿಕೊಂಡರು. ನಮಗೆ ಅವರ ವಿಷಯದಲ್ಲಿ ಬಹಳ ಮೆಚ್ಚುಗೆಯಾಗುವುದು ಬೇರೆಯೇ ಒಂದು ಕೆಲಸ. ಗೋಷೆಯಲ್ಲಿರುವ ಹೆಂಗಸರು ಪರಗಂಡಸರ ಮುಂದೆ ಕೂರುವುದಿಲ್ಲವೆಂದು ತಿಳಿದು, 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಎತ್ತರದ ಗೋಡೆಯ ಸ್ಟುಡಿಯೋ ತೆರೆದು, ಅದನ್ನು ನಡೆಸಲು ಕೆನ್ನಿ ಲೆವಿಕ್ ಎಂಬ ಮಹಿಳೆಯನ್ನೇ ಇಟ್ಟರು. ಎದುರಿಗೆ ಕೂತವರಿಗೆ ಸಂಕೋಚ ಹೋದ ಹೊರತು ಚಿತ್ರ ಚೆನ್ನಾಗಿ ಬರುವುದಿಲ್ಲ ಎಂಬ ಗುಟ್ಟು ಅವರಿಗೆ ಗೊತ್ತಿತ್ತು. ವ್ಯಾಪಾರದ ರಕ್ತ ಅಲ್ಲವೇ, ಗಿರಾಕಿಯ ಮನಸ್ಸು ಬಲ್ಲವರು.

ಈಗ ಈ ಲೇಖನ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇವೆ. ನಮ್ಮ ತಮ್ಮನ ಮಗಳಿಗೆ ಗಂಡು ನೋಡಲು ಶುರು ಮಾಡಿದೆವು. ಬಯೋಡಾಟಾ ಜೊತೆ ಫೋಟೋ ಬೇಕಲ್ಲ, ಒಂದು ಸ್ಟುಡಿಯೋಗೆ ಕರೆದುಕೊಂಡು ಹೋದೆವು. ಅವಳು ಕಾಲೇಜಿನಿಂದ ಬಂದ ಸಂಜೆ, ದಣಿದ ಮುಖ. ಅತ್ತಿಗೆಯ ಸೀರೆ, ಚಿಗಮ್ಮನ ಒಡವೆ, ಯಾರದೋ ಬಳೆ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಅದನ್ನು ಎರಡು ಸುತ್ತು ಬೆಳ್ಳಗೆ ಮಾಡಿ, ಕೆನ್ನೆಯ ಮೇಲಿದ್ದ ಮಚ್ಚೆಯನ್ನೂ ತೆಗೆದು ಕೊಟ್ಟರು. ನಾವೂ ಸುಮ್ಮನೆ ತಂದೆವು. ಒಳಗೊಳಗೆ ಸಂತೋಷವೇ ಆಗಿತ್ತು, ಮುಚ್ಚುಮರೆ ಏಕೆ! ಗಂಡಿನ ಕಡೆಯವರು ಬಂದರು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಾಗ ಆ ತಾಯಿ ಫೋಟೋ ಒಮ್ಮೆ, ಹುಡುಗಿಯನ್ನು ಒಮ್ಮೆ ನೋಡಿದರು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಊರಿಗೆ ಹೋಗಿ ಜಾತಕ ಕೂಡಿಬರಲಿಲ್ಲ ಎಂದು ಹೇಳಿ ಕಳಿಸಿದರು. ಆ ರಾತ್ರಿ ಹುಡುಗಿ ನಮ್ಮನ್ನು ಕೇಳಿದ್ದು ಒಂದೇ ಮಾತು: "ದೊಡ್ಡಪ್ಪಾ, ನನ್ನ ಮುಖ ಇದ್ದಂಗೆ ಕಳಿಸಾಕ ನಿಮಗೆ ನಾಚಿಕೆ ಆಗಿತ್ತೇನು?"

ಉತ್ತರ ಹೇಳಲು ಬಾಯಿ ಬರಲಿಲ್ಲ. ಅಂಗಡಿಯಲ್ಲಿ ಗಜಕ್ಕೆ ಅರ್ಧ ಇಂಚು ಕಮ್ಮಿ ಅಳೆದರೆ ಅದು ಅಚೌರ್ಯ ವ್ರತಕ್ಕೆ ಭಂಗ ಎನ್ನುವ ಮನೆ ನಮ್ಮದು. ಮನೆಯ ಮಗಳ ಬಣ್ಣವನ್ನು ತೂಕ ಏರಿಸಿ ಮಾರಲು ಹೊರಟಿದ್ದೆವು.

ಎರಡನೆಯ ಸಲ ತಯಾರಿ ಸರಿಯಾಗಿ ಮಾಡಿದೆವು. ಆಗ ಕಲಿತದ್ದನ್ನು ತಾಯಂದಿರಿಗೆ, ಸೊಸೆಯಂದಿರಿಗೆ, ಅಂಗಡಿಯ ಗದ್ದಿಗೆ ಬಿಟ್ಟು ಏಳದ ಯಜಮಾನರುಗಳಿಗೆ ಹೇಳಬೇಕೆನಿಸಿದೆ.

ಮೊದಲನೆಯದಾಗಿ ದಿನ ಗೊತ್ತು ಮಾಡುವುದು. ದಶಲಕ್ಷಣ ಪರ್ವದ ಉಪವಾಸಗಳು ಮುಗಿದ ಕೂಡಲೇ ಬೇಡ, ಕಣ್ಣು ಒಳಗೆ ಹೋಗಿರುತ್ತವೆ, ವಾರ ಹತ್ತು ದಿನ ಹೋಗಲಿ. ದೀಪಾವಳಿಯ ಲೆಕ್ಕದ ಗಡಿಬಿಡಿಯಲ್ಲೂ ಬೇಡ. ಅಂಗಡಿಗೆ ರಜೆಯಿರುವ ದಿನ ಬೆಳಿಗ್ಗೆ, ಬಸದಿಗೆ ಹೋಗಿ ಬಂದು ಹೊಟ್ಟೆಗೆ ತಿಂಡಿ ಬಿದ್ದ ಮೇಲೆ ಪ್ರಶಸ್ತ. ಹೊರಗೆ ತೆಗೆಯುವ ಛಾಯಾಗ್ರಾಹಕರು ಸಂಜೆಯ ಎಳೆ ಬಿಸಿಲು ಬಹಳ ಚೆಂದ ಎನ್ನುತ್ತಾರೆ. ನಿಜ, ಆದರೆ ನಮ್ಮ ಮನೆಗಳಲ್ಲಿ ಅದೇ ಊಟದ ಹೊತ್ತು. ಸೂರ್ಯ ಮುಳುಗುತ್ತಾನೆಂದು ಗಡಿಯಾರ ನೋಡುತ್ತಾ ಕೂತವರ ಮುಖದಲ್ಲಿ ನಗು ಎಲ್ಲಿಂದ ಬರಬೇಕು? ಬೆಳಗಿನ ಎಳೆ ಬಿಸಿಲೂ ಅಷ್ಟೇ ಮೃದು. ರಾಯದುರ್ಗದ ಬೇಸಿಗೆಯಲ್ಲಂತೂ ಒಂಬತ್ತು ಗಂಟೆ ದಾಟಿದರೆ ಬಂಡೆಗಳೇ ಕಾದು, ಕಣ್ಣು ಕಿರಿದಾಗಿ, ಕಣ್ಣ ಕೆಳಗೆ ಕಪ್ಪು ನೆರಳು ಬೀಳುತ್ತದೆ.

ಕ್ಷೌರವನ್ನು ಅದೇ ದಿನ ಮಾಡಿಸಬಾರದು. ನಾಲ್ಕೈದು ದಿನ ಮೊದಲು ಮಾಡಿಸಿದರೆ ಕೂದಲು ಕೂತುಕೊಳ್ಳುತ್ತದೆ. ಹೆಣ್ಣುಮಕ್ಕಳು ಹುಬ್ಬು ತಿದ್ದಿಸುವುದಿದ್ದರೆ ಎರಡು ದಿನ ಮೊದಲು, ಕೆಂಪು ಇಳಿಯಲಿ. ಎಂದೂ ಹಚ್ಚದ ಕ್ರೀಮನ್ನು ಹಿಂದಿನ ರಾತ್ರಿ ಹಚ್ಚಿ ಗುಳ್ಳೆ ಎಬ್ಬಿಸಿಕೊಂಡವರನ್ನು ನೋಡಿದ್ದೇವೆ. ಕಡಲೆಹಿಟ್ಟಿನಲ್ಲಿ ಮುಖ ತೊಳೆದು, ಚೆನ್ನಾಗಿ ನಿದ್ದೆ ಮಾಡಿ, ನೀರು ಕುಡಿದರೆ ಸಾಕು. ತಲೆಗೆ ಕೊಬ್ಬರಿ ಎಣ್ಣೆ ಅಂದು ಬೇಡ. ಹಣೆಗೆ ಇಳಿದು ದೀಪದ ಬೆಳಕಿಗೆ ಮಿರಿಮಿರಿ ಹೊಳೆಯುತ್ತದೆ. ಜೇಬಿನಲ್ಲೊಂದು ಒಣ ಕರವಸ್ತ್ರವಿರಲಿ, ಬೆವರನ್ನು ಉಜ್ಜದೆ ಒತ್ತಿ ತೆಗೆಯಬೇಕು.

ತುಟಿಗೆ ಬಣ್ಣ ಹಚ್ಚುವ ಸೊಸೆಯಂದಿರಿಗೆ ಒಂದು ಮಾತು, ಬೈಗುಳವಲ್ಲ. ಕೆಲವು ಕೆಂಪು ಬಣ್ಣಗಳಲ್ಲಿ ಕಾರ್ಮೈನ್ ಎಂಬ ವಸ್ತುವಿರುತ್ತದೆ. ಅದು ಪಾಪಾಸುಕಳ್ಳಿಯ ಮೇಲೆ ಬದುಕುವ ಒಂದು ಬಗೆಯ ಹುಳುಗಳನ್ನು ಒಣಗಿಸಿ ಅರೆದು ತೆಗೆದದ್ದು. ಪೊಟ್ಟಣದ ಮೇಲೆ ಸಿ.ಐ. 75470 ಎಂಬ ಸಂಖ್ಯೆ ಇದ್ದರೆ ಅದೇ.

ಬಟ್ಟೆಯ ವಿಷಯ ನಮ್ಮ ಕಸುಬು, ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಒಂದೇ ಬಣ್ಣದ, ಸಾದಾ ಬಟ್ಟೆ ಮುಖವನ್ನು ಎತ್ತಿ ತೋರಿಸುತ್ತದೆ. ದೊಡ್ಡ ಹೂವಿನ ಸೀರೆ ಉಟ್ಟರೆ ನೋಡುವವರು ಸೀರೆಯನ್ನು ನೋಡುತ್ತಾರೆ. ಸಣ್ಣ ಸಣ್ಣ ಗೀರಿನ ಷರಟು ಡಿಜಿಟಲ್ ಕ್ಯಾಮೆರಾದಲ್ಲಿ ನೀರಿನ ಅಲೆಯ ಹಾಗೆ ನಡುಗುತ್ತದೆ, ಕೊಳ್ಳುವಾಗ ಎಷ್ಟೇ ಚೆಂದವಿರಲಿ. ಪಾಸ್‌ಪೋರ್ಟಿನಂಥವಕ್ಕೆ ಬಿಳಿ ಹಿನ್ನೆಲೆ ಇರುವುದರಿಂದ ಬಿಳಿ ಷರಟು ಹಾಕಿದರೆ ತಲೆ ಒಂದೇ ತೇಲಿದಂತೆ ಕಾಣುತ್ತದೆ. ಹೊಸ ಬಟ್ಟೆಯಾದರೆ ಒಮ್ಮೆ ಒಗೆದು ಇಸ್ತ್ರಿ ಮಾಡಿ. ಮಡಿಕೆಯ ಗೆರೆ ಎದೆಯ ಮೇಲೆ ಅಡ್ಡಬಿದ್ದರೆ ಅದನ್ನು ಮರೆಸಲು ಯಾವ ದೀಪಕ್ಕೂ ಆಗದು. ಕಾಲರು, ಗುಂಡಿ, ಸೆರಗಿನ ಪಿನ್ನು ಇವನ್ನು ನೋಡಲು ಮನೆಯವರೊಬ್ಬರು ಜೊತೆಗಿರಲಿ.

ಇನ್ನು ರೇಷ್ಮೆ. ರಾಯದುರ್ಗದ ಪಕ್ಕದಲ್ಲೇ ಮೊಳಕಾಲ್ಮೂರು, ಇತ್ತ ಧರ್ಮಾವರ, ಮಡಕಶಿರಾದವರಿಗೆ ಹಿಂದೂಪುರದ ರೇಷ್ಮೆಗೂಡಿನ ಪೇಟೆ. ಸುತ್ತ ರೇಷ್ಮೆಯೇ ಇರುವಾಗ ಫೋಟೋಗೆ ರೇಷ್ಮೆ ಸೀರೆ ಬೇಡ ಎನ್ನುವುದು ಹೇಗೆ? ಗೂಡನ್ನು ಹುಳು ಸಮೇತ ಬಿಸಿನೀರಿಗೆ ಹಾಕಿ ನೂಲು ತೆಗೆಯುತ್ತಾರೆಂಬುದು ನಮಗೆಲ್ಲ ಗೊತ್ತಿದ್ದೂ ಮದುವೆಯ ಹೊತ್ತಿಗೆ ಮರೆಯುವ ವಿಷಯ. ನಮ್ಮ ಹುಡುಗಿ ತಾನಾಗಿಯೇ ನೂಲಿನ ಸೀರೆ ಆರಿಸಿಕೊಂಡಳು, ಅರಿಶಿನ ಬಣ್ಣ, ಹಸಿರು ಅಂಚು. ಅವಳ ಅಮ್ಮನ ಮುಖ ಸಣ್ಣಗಾಯಿತು, "ಬಡವರಂಗೆ ಕಾಣ್ತಾಳೆ" ಎಂದರು. ಫೋಟೋ ಬಂದಮೇಲೆ ಅವರೇ ನಾಲ್ಕು ಪ್ರತಿ ಹೆಚ್ಚಿಗೆ ಹಾಕಿಸಿದರು. ರೇಷ್ಮೆಯೇ ಬೇಕೆನ್ನುವವರಿಗೆ, ಪತಂಗ ಹೊರಗೆ ಹಾರಿಹೋದ ಮೇಲೆ ಉಳಿದ ಗೂಡಿನಿಂದ ನೇಯ್ದ ಅಹಿಂಸಾ ರೇಷ್ಮೆಯೂ ಇದೆ. ಹೈದರಾಬಾದಿನಲ್ಲಿ ಕೈಮಗ್ಗ ಇಲಾಖೆಯಲ್ಲಿದ್ದ ಕುಸುಮ ರಾಜಯ್ಯನವರು 1990ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಹೊಳಪು ಸ್ವಲ್ಪ ಕಮ್ಮಿ. ಫೋಟೋಗೆ ಅದೇ ಒಳ್ಳೆಯದು, ಬಹಳ ಹೊಳೆಯುವ ಬಟ್ಟೆ ದೀಪದ ಬೆಳಕನ್ನು ತಿರುಗಿ ಎಸೆಯುತ್ತದೆ.

ಹೀಗೆ ಮಾತಾಡುವಾಗ ಒಬ್ಬ ಹಿರಿಯರು ನಗುತ್ತಾ, "ಫೋಟೋ ಫಿಲ್ಮೇ ಜೆಲಟಿನ್ನಿನದು, ಅದು ದನದ ಮೂಳೆ ಚರ್ಮದಿಂದ ಮಾಡಿದ್ದು. ಏನು ಮಾಡ್ತೀರಿ?" ಎಂದು ಕೇಳಿದರು. ನಿಜವೇ. ಕ್ಯಾಮೆರಾ ಡಿಜಿಟಲ್ ಆದಮೇಲೆ ಫಿಲ್ಮ್ ಹೋಯಿತು, ಲ್ಯಾಬಿನಲ್ಲಿ ಬೆಳಕಿನಿಂದ ಅಚ್ಚು ಹಾಕುವ ಕಾಗದದ ಮೇಲೆ ಜೆಲಟಿನ್ ಲೇಪ ಇನ್ನೂ ಇದೆ. ನಮ್ಮಲ್ಲಿ ಅದಕ್ಕೆ ಉತ್ತರವಿಲ್ಲ. ಆದಷ್ಟು ಕಮ್ಮಿ ಮಾಡುವುದು ಒಂದೇ ದಾರಿ: ಹತ್ತು ಪ್ರತಿ ಬದಲು ಎರಡು, ಚರ್ಮದ ಬೆಲ್ಟಿನ ಬದಲು ಬಟ್ಟೆಯ ಬೆಲ್ಟು.

ಒಡವೆಯ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಮನೆಯ ಬಂಗಾರವನ್ನೆಲ್ಲ ಹಾಕಿಕೊಂಡು ತೆಗೆಸಿದ ಫೋಟೋ ಹತ್ತಾರು ಮೊಬೈಲುಗಳಲ್ಲಿ ಸುತ್ತುತ್ತದೆ. ಯಾರ ಮನೆಯಲ್ಲಿ ಏನಿದೆ ಎಂದು ಸಾರಿ ಹೇಳಿದ ಹಾಗೆ. ಒಂದು ಸರ, ಒಂದು ಜೊತೆ ಓಲೆ ಸಾಕು.

ಕೂರುವ ಬಗೆಯಲ್ಲಿ ನಮ್ಮವರ ದೊಡ್ಡ ತಪ್ಪು, ಪೊಲೀಸ್ ಠಾಣೆಯಲ್ಲಿ ಕೂತ ಹಾಗೆ ಸೆಟೆದು ಕೂರುವುದು. ಹಳೆಯ ಫೋಟೋಗಳಲ್ಲಿ ಅಜ್ಜಂದಿರು ಹಾಗಿದ್ದರು, ಅದಕ್ಕೆ ಕಾರಣವಿತ್ತು. 1839ರಲ್ಲಿ ಫೋಟೋ ಬಂದ ಹೊಸದರಲ್ಲಿ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು, ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕೋಲು ಆನಿಸುತ್ತಿದ್ದರು. ಅಷ್ಟು ಹೊತ್ತು ನಗಲು ಯಾರಿಂದಾಗುತ್ತದೆ? ಈಗ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಭುಜವನ್ನು ಸ್ವಲ್ಪ ಓರೆ ಮಾಡಿ ಮುಖ ಮಾತ್ರ ಕ್ಯಾಮೆರಾ ಕಡೆ ತಿರುಗಿಸಿ. ಗದ್ದ ತುಸು ಮುಂದಕ್ಕೆ, ತುಸು ಕೆಳಗೆ. ಕ್ಲಿಕ್ ಎನ್ನುವ ಮುಂಚೆ ಉಸಿರು ಹೊರಗೆ ಬಿಟ್ಟರೆ ಭುಜ ತಾನೇ ಇಳಿಯುತ್ತದೆ. ಕಣ್ಣು ಮುಚ್ಚಿಬಿಡುವ ಅಭ್ಯಾಸದವರು ಮೊದಲೇ ಮುಚ್ಚಿಕೊಂಡು, ಮೂರು ಎಂದಾಗ ತೆರೆಯಲಿ. ಕನ್ನಡಕದಲ್ಲಿ ದೀಪ ಹೊಳೆದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೆ ಸಾಕು. ನಗು ಬಾರದಿದ್ದರೆ ಬಲವಂತ ಬೇಡ. ಬೆಳಗೊಳದ ಗೊಮ್ಮಟನ ತುಟಿಯಲ್ಲಿ ಇದೆಯೋ ಇಲ್ಲವೋ ಎನ್ನುವ ನಗುವಿದೆಯಲ್ಲ, ಸಾವಿರ ವರ್ಷದಿಂದ ಜನ ಅದನ್ನು ನೋಡಿ ಬೇಸರಪಟ್ಟಿಲ್ಲ.

ಸ್ಟುಡಿಯೋಗೆ ಹೋಗಲಾರದ ಹಿರಿಯರಿದ್ದರೆ ಛಾಯಾಗ್ರಾಹಕರನ್ನೇ ಮನೆಗೆ ಕರೆಸಿ. ಮಡಕಶಿರಾದಲ್ಲಿ (2022ರ ಏಪ್ರಿಲ್‌ನಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ, ನಮ್ಮ ಬಾಯಲ್ಲಿ ಇನ್ನೂ ಅನಂತಪುರ ಜಿಲ್ಲೆಯೇ) ನಮ್ಮ ಸೋದರತ್ತೆ ಇದ್ದಾರೆ, ಎಂಬತ್ತೊಂದು ವಯಸ್ಸು. ಅಜ್ಜಿಯ ವಿಷಯದಲ್ಲಿ ಆದದ್ದು ಮತ್ತೆ ಆಗಬಾರದೆಂದು ಹೋದ ತಿಂಗಳು ಹೋದೆವು. "ನಂಗ್ಯಾಕೋ ಫೋಟೋ, ಸಾಯೋ ಕಾಲಕ್ಕೆ" ಎಂದು ಮೊದಲು ರೇಗಿದರು. ಹೊಸ ಸೀರೆ ಉಡಿಸಲು ನಾವು ಹೋಗಲಿಲ್ಲ. ದಿನವೂ ಜಪಕ್ಕೆ ಕೂರುವ ಜಾಗದಲ್ಲಿ, ಕಿಟಕಿ ಪಕ್ಕ, ಅವರದೇ ಮಣೆಯ ಮೇಲೆ ಕೂರಿಸಿದೆವು. ಟ್ಯೂಬ್‌ಲೈಟ್ ಆರಿಸಿಬಿಡಿ ಎಂದರು ಛಾಯಾಗ್ರಾಹಕರು, ಎರಡು ಬಗೆಯ ಬೆಳಕು ಬೆರೆತರೆ ಅರ್ಧ ಮುಖ ನೀಲಿಯಾಗುತ್ತದಂತೆ. ಕ್ಯಾಮೆರಾ ಏಳೆಂಟು ಅಡಿ ದೂರದಲ್ಲಿಟ್ಟರು. ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ತೆಗೆದರೆ ಮೂಗೇ ದೊಡ್ಡದಾಗುವುದು ಏಕೆಂದು ಆಗ ತಿಳಿಯಿತು. ಹತ್ತಿರವಿದ್ದದ್ದು ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಅತ್ತೆಯನ್ನು ಅವರ ಮದುವೆಯ ದಿಬ್ಬಣದ ಎತ್ತಿನಗಾಡಿ ಹಳ್ಳದಲ್ಲಿ ಸಿಕ್ಕಿಕೊಂಡ ಕಥೆ ಕೇಳಿದೆವು. ಹೇಳುತ್ತಾ ಹೇಳುತ್ತಾ ಕ್ಯಾಮೆರಾ ಮರೆತರು.

ಸುಕ್ಕು ಒಂದನ್ನೂ ಅಳಿಸಬೇಡಿ ಎಂದು ಹೇಳಿ ಪ್ರತಿ ಹಾಕಿಸಿದೆವು. ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ತಾರೀಖು ಬರೆದಿಟ್ಟಿದ್ದೇವೆ. ಹುಡುಗಿಯ ಫೋಟೋ ಮಚ್ಚೆ ಸಮೇತ ಮೂರು ಮನೆಗೆ ಹೋಗಿದೆ. ಒಂದು ಕಡೆಯಿಂದ ಬರುತ್ತೇವೆಂದು ಹೇಳಿ ಕಳಿಸಿದ್ದಾರೆ. ಅತ್ತೆಗೆ ಮಾತ್ರ ಸಮಾಧಾನವಿಲ್ಲ. ಫೋಟೋವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಸೆರಗು ಸೊಟ್ಟ ಐತಲ್ಲೋ, ಮೊದ್ಲೇ ಹೇಳಬಾರ್ದಿತ್ತಾ? ಇನ್ನೊಂದಪಾ ತೆಗೆಸು" ಎಂದಿದ್ದಾರೆ. ದೀಪಾವಳಿ ಕಳೆದ ಮೇಲೆ ಮತ್ತೆ ಹೋಗಬೇಕು.