ನೆತ್ತಿ ಕಾದ ಗಣಕಯಂತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬೇಸಗೆಯಲ್ಲಿ ಉಷ್ಣತೆಯು 40 ಡಿಗ್ರಿಯನ್ನು ದಾಟುವುದುಂಟು. ಅಂಥ ದಿನಗಳಲ್ಲಿ, ಕಂಪ್ಯೂಟರಿಗೆ ಹೊಸ ಹೀಟ್‌ಸಿಂಕನ್ನು ಕೂಡಿಸಿದ ಮೇಲೆಯೂ ಯಂತ್ರವು ಚಾಲೂ ಆದ ಕೆಲವೇ ಕ್ಷಣಗಳಲ್ಲಿ ನಿಂತುಹೋದರೆ, ಪ್ರೊಸೆಸರು ಸುಟ್ಟಿತೆಂದು ಕೂಡಲೇ ಕಂಗೆಡಬೇಕಾಗಿಲ್ಲ. ಸುಮಾರು 100 ಡಿಗ್ರಿ ಕಾದೊಡನೆ ವೇಗವನ್ನು ತಗ್ಗಿಸಿ, ಕಡೆಗೆ ತಾನೇ ನಿಂತು ಪ್ರಾಣ ಉಳಿಸಿಕೊಳ್ಳುವ ಏರ್ಪಾಡು ಇಂದಿನ ಪ್ರೊಸೆಸರುಗಳಲ್ಲಿದೆ.

ಮೊದಲು ವಿದ್ಯುತ್ ಸಂಪರ್ಕವನ್ನು ತೆಗೆದು, ಯಂತ್ರವು ಆರುವ ತನಕ ಕಾಯತಕ್ಕದ್ದು. ಬಳಿಕ ಒಂದೊಂದಾಗಿ ನೋಡಬೇಕು. ಫ್ಯಾನಿನ ತಂತಿಯು ತನ್ನ ಸ್ಥಾನದಲ್ಲಿದೆಯೇ? ಹೀಟ್‌ಸಿಂಕಿನ ತಳದ ಪ್ಲಾಸ್ಟಿಕ್ ಪೊರೆಯನ್ನು ಸುಲಿದಿದೆಯೇ? ತಿರುಪುಗಳೆಲ್ಲ ಸಮನಾಗಿ ಬಿಗಿದಿವೆಯೇ? ಒಂದೇ ಮೂಲೆಯನ್ನು ಬಿಗಿದರೆ ಎದುರು ಮೂಲೆಯು ಮೇಲೇಳುತ್ತದೆ; ಆ ಸಂದಿನ ಗಾಳಿಯು ಶಾಖವನ್ನು ಸುಲಭವಾಗಿ ಹಾಯಗೊಡದು. ಆ ಸಂದನ್ನು ತುಂಬುವುದೇ ಪೇಸ್ಟಿನ ಕೆಲಸ. ಹೀಟ್‌ಸಿಂಕನ್ನು ಬಿಚ್ಚಿದಾಗಲೆಲ್ಲ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತೊಗರಿಕಾಳಿನಷ್ಟು ಹೊಸದನ್ನು ನಡುವೆ ಇಟ್ಟರೆ ಸಾಕು.

ಫ್ಯಾನು ತಿರುಗಿದರೂ ತೆರೆಯು ಬೆಳಗದಿದ್ದರೆ, ಕೈ ತಾಗಿ ಸಡಿಲಿದ ಮೆಮೊರಿ ಪಟ್ಟಿಯನ್ನೂ ಪ್ರೊಸೆಸರಿನ ವಿದ್ಯುತ್ ತಂತಿಯನ್ನೂ ಮತ್ತೆ ಕೂಡಿಸಬೇಕು. ಹಳೆಯ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರು ಹೀಟ್‌ಸಿಂಕಿನೊಡನೆಯೇ ಕಿತ್ತುಬಂದಿದ್ದರೆ, ಅದರ ಕಡ್ಡಿಗಳು ಬಾಗಿವೆಯೋ ಎಂದು ಪರೀಕ್ಷಿಸಬೇಕು. ಇಲ್ಲಿ ಮಾತ್ರ ಬಲಪ್ರಯೋಗವು ಸಲ್ಲದು. ಕಡ್ಡಿಯೊಂದು ಮುರಿದರೆ ಪ್ರೊಸೆಸರೇ ಕೈಬಿಟ್ಟೀತು. ಅರ್ಧ ಗಂಟೆಯ ತಾಳ್ಮೆಯು ಹೊಸ ಪ್ರೊಸೆಸರಿನ ಖರ್ಚನ್ನು ಉಳಿಸಬಲ್ಲದು.